ಸ್ವೆಟರ್ ಬಿಟ್ಟು ಕೊಪ್ಪೆ ಹೆಣೆದ ಹುಡುಗಿ: ಒಂದು ಪ್ರಕರಣ

ಶಿವಮೊಗ್ಗದಲ್ಲಿ ಹೊಲಿಗೆ ಮತ್ತು ಕಟಿಂಗ್ ಹೇಳಿಕೊಡುವುದು ನನ್ನ ಕೆಲಸ. ಬ್ಲೌಸ್, ಚೂಡಿದಾರ ಹೊಲಿಯುವಷ್ಟು ಕಲಿತು ಹೋಗುವವರೇ ಜಾಸ್ತಿ. ಆಗೊಮ್ಮೆ ಈಗೊಮ್ಮೆ "ಫ್ಯಾಷನ್ ಡಿಸೈನ್ ಮಾಡ್ಬೇಕು ಮೇಡಂ" ಎನ್ನುವವರು ಬರುತ್ತಾರೆ. ಅವರಿಗೆ ಏನು ಹೇಳಬೇಕು, ಎಲ್ಲಿ ತಡೆಯಬೇಕು, ಎಲ್ಲಿ ಸುಮ್ನೆ ಇರಬೇಕು ಅನ್ನುವುದನ್ನು ನಮ್ಮಂಥ ಸಣ್ಣ ಊರಿನ ಟೀಚರ್‌ಗಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಈ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಹುಡುಗಿ ಮತ್ತು ಅವಳ ಮನೆಯವರು ಒಪ್ಪಿದ ಮೇಲೆಯೇ ಬರೆದದ್ದು. ಹೆಸರು, ಊರು, ಕಾಲೇಜು ಯಾವುದೂ ಹಾಕಿಲ್ಲ. ಗುರುತು ಸಿಗಬಹುದಾದ ಒಂದೆರಡು ಸಂಗತಿಯನ್ನು ಬದಲಿಸಿದ್ದೇನೆ. ಇಲ್ಲಿ ಅವಳು ಬರೀ ಹುಡುಗಿ.

ಹಿನ್ನೆಲೆ

ಹೊಸನಗರ ತಾಲೂಕಿನ ಕಡೆಯ ಮನೆ. ಸಣ್ಣ ಅಡಿಕೆ ತೋಟ, ಸ್ವಲ್ಪ ಗದ್ದೆ. ಪಿಯುಸಿಗೆ ಶಿವಮೊಗ್ಗಕ್ಕೆ ಬಂದು ನೆಂಟರ ಮನೆಯಲ್ಲಿ ಉಳಿದಿದ್ದಳು. 2020ರ ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿದಾಗ ಮೊಬೈಲ್ ನೋಡಿ ಕ್ರೋಶಾ ಕಲಿತಳು. ಆಮೇಲೆ ಚಿಕ್ಕಮ್ಮ ಎರಡು ಕಡ್ಡಿಯ ಹೆಣಿಗೆ ತೋರಿಸಿಕೊಟ್ಟರು. ಕೈ ಬಹಳ ಚುರುಕು. ನನ್ನ ಹತ್ತಿರ ಬಂದಾಗ ಅವಳಿಗೆ 17 ವರ್ಷ, ಸೀದಾ ಸಾಲು ಉಲ್ಟಾ ಸಾಲು ಎರಡನ್ನೂ ಕಡ್ಡಿ ನೋಡದೆ ಹಾಕುತ್ತಿದ್ದಳು.

ಇಂಥ ಕತೆಗಳಲ್ಲಿ ಸಾಮಾನ್ಯವಾಗಿ ಮನೆಯವರ ವಿರೋಧ ಇರುತ್ತದೆ, ಅಲ್ವಾ? ಇಲ್ಲಿ ಇರಲಿಲ್ಲ. ಅಪ್ಪ, ಅಮ್ಮ, ಅಜ್ಜಿ ಎಲ್ಲರಿಗೂ ಅವಳ ಕೈಕೆಲಸ ಅಂದರೆ ಹೆಮ್ಮೆ. ಅಮ್ಮನಂತೂ ಮಗಳು ಮಾಡಿದ್ದನ್ನೆಲ್ಲ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಿದ್ದರು. ಅದನ್ನು ನೋಡಿ ಬಾಣಂತನದ ಮನೆಗಳಿಂದ ಆರ್ಡರ್ ಬರುತ್ತಿತ್ತು. ಕೂಸಿಗೆ ಸ್ವೆಟರ್, ಟೊಪ್ಪಿ, ಕಾಲುಚೀಲ, ಮೂರೂ ಸೇರಿ ಒಂದು ಸೆಟ್.

ಅವಳಿಗೆ ಬೇಕಾಗಿದ್ದದ್ದು ಬೆಂಗಳೂರಿನ ನಿಫ್ಟ್, ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ. ಅಲ್ಲಿ ನಿಟ್‌ವೇರ್ ಡಿಸೈನ್, ಅಂದರೆ ಹೆಣೆದ ಉಡುಪಿನ ವಿನ್ಯಾಸ, ಅಂತಲೇ ಬಿ.ಡೆಸ್. ಡಿಗ್ರಿ ಕೋರ್ಸ್ ಇದೆ. ಅದು ಅವಳಿಗೆ ಗೊತ್ತಿತ್ತು. ಹೆಣಿಗೆ ಬಿಟ್ಟು ಬೇರೆ ಯಾವುದಕ್ಕೂ ಅವಳು ಹಟ ಮಾಡಿದ್ದನ್ನು ನಾನು ನೋಡಿಲ್ಲ.

ತೊಂದರೆ ಎಲ್ಲಿತ್ತು

ಮೊದಲ ದಿನವೇ ಒಂದು ದೊಡ್ಡ ಬ್ಯಾಗ್ ತುಂಬಾ ತಂದಿದ್ದಳು. ಟೊಪ್ಪಿ, ಮಫ್ಲರ್, ಮೊಬೈಲ್ ಚೀಲ, ಗೊಂಬೆ, ಅರ್ಧಕ್ಕೆ ನಿಂತ ನಾಲ್ಕೈದು ಸ್ವೆಟರ್. ಎಲ್ಲವೂ ಅಚ್ಚುಕಟ್ಟು. ಒಂದರ ಹೊಲಿಗೆಯೂ ಸೊಟ್ಟ ಇಲ್ಲ. ಆದರೆ ಒಂದೂ ಅವಳದಲ್ಲ, ಎಲ್ಲವೂ ಯಾವುದೋ ವಿಡಿಯೋ ನೋಡಿ ಮಾಡಿದ್ದು. "ಇದರಲ್ಲಿ ನೀನೇ ಯೋಚನೆ ಮಾಡಿದ್ದು ಯಾವುದು?" ಅಂತ ಕೇಳಿದೆ. ಬಹಳ ಹೊತ್ತು ಹುಡುಕಿ ಒಂದು ಟೊಪ್ಪಿ ತೆಗೆದಳು. ಅದರಲ್ಲಿ ಬಣ್ಣ ಮಾತ್ರ ಬದಲಿಸಿದ್ದಳು.

ಅವಳಿಗೆ ಹೊಗಳಿಕೆ ಕಡಿಮೆ ಇರಲಿಲ್ಲ. ಸರಿಯಾಗಿ ನೋಡಿ "ಇದು ಇಲ್ಲಿ ಆಗಿಲ್ಲ" ಅನ್ನುವವರು ಇರಲಿಲ್ಲ. ಜೊತೆಗೆ ಆರ್ಡರ್‌ಗಳು. ಕಾಲೇಜು ಮುಗಿಸಿ ಬಂದು ರಾತ್ರಿ ಹನ್ನೊಂದರವರೆಗೆ ಕೂಸಿನ ಸೆಟ್ ಹೆಣೆಯುತ್ತಿದ್ದ ಹುಡುಗಿಗೆ ಹೊಸದನ್ನು ಯೋಚಿಸಲು, ಕೆಡಿಸಲು, ಬಿಚ್ಚಲು ಟೈಮೇ ಇರಲಿಲ್ಲ. ವಿನ್ಯಾಸ ಕಲಿಯಬೇಕಾದವರಿಗೆ ಕೆಡಿಸಲು ಸಮಯ ಬೇಕು. ಅದು ಇಲ್ಲದಿದ್ದರೆ ಕೈ ಮಾತ್ರ ಪಳಗುತ್ತದೆ.

ಮೊದಲ ತೀರ್ಮಾನ: ಆರ್ಡರ್ ನಿಲ್ಲಿಸುವುದು

ಇದನ್ನು ಬಾಯಲ್ಲಿ ಹೇಳಿದರೆ ಆಗುವುದಲ್ಲ ಅಂತ ಗೊತ್ತಿತ್ತು. ಒಂದು ನೋಟ್‌ಬುಕ್ ಕೊಟ್ಟು, ಮುಂದಿನ ಸೆಟ್‌ಗೆ ಎಷ್ಟು ಉಲ್ಲನ್, ಎಷ್ಟು ಗಂಟೆ, ಎಷ್ಟು ದುಡ್ಡು ಎಲ್ಲ ಬರೆದು ತಾ ಅಂದೆ. ಬರೆದು ತಂದಳು. ಸೆಟ್‌ಗೆ 450 ರೂಪಾಯಿ, ಅದರಲ್ಲಿ ಉಲ್ಲನ್ ಖರ್ಚು 200, ಕೂತ ಗಂಟೆ 22. ಅಂದರೆ ಗಂಟೆಗೆ 11 ರೂಪಾಯಿ ಚಿಲ್ಲರೆ.

ಆ ಪುಟವನ್ನು ಅವಳೇ ಮನೆಗೆ ಹೋಗಿ ತೋರಿಸಿದಳು. ಅಪ್ಪ ಲೆಕ್ಕ ನೋಡಿ ಸುಮ್ಮನಾದರಂತೆ. ತೋಟಕ್ಕೆ ಆಳು ಕರೆಯುವವರಿಗೆ ಒಂದು ದಿನದ ಕೂಲಿ ಎಷ್ಟು ಅಂತ ಯಾರೂ ಹೇಳಬೇಕಾಗಿಲ್ಲ. ಕಷ್ಟ ಆದದ್ದು ಅಮ್ಮನಿಗೆ. "ಬೇಡ ಅಂತ ಹೆಂಗೆ ಹೇಳೋದು ಟೀಚರೇ, ಕೇಳೋರೆಲ್ಲ ನಮ್ಮವರೇ" ಅಂತ ನನಗೇ ಫೋನ್ ಮಾಡಿದರು. ಅವರ ಮಾತಿನಲ್ಲೂ ಸತ್ಯ ಇತ್ತು. ಹಳ್ಳಿಯಲ್ಲಿ ಕೂಸಿಗೊಂದು ಸ್ವೆಟರ್ ಹೆಣೆದು ಕೊಡುವುದು ವ್ಯಾಪಾರ ಅಲ್ಲ, ಸಂಬಂಧ. ಹಾಗಾಗಿ ಪೂರ್ತಿ ನಿಲ್ಲಿಸಲಿಲ್ಲ. ಮನೆಯ ಹತ್ತಿರದ ನೆಂಟರಿಗೆ ಉಡುಗೊರೆಯಾಗಿ ಮಾತ್ರ, ದುಡ್ಡು ತೆಗೆದುಕೊಳ್ಳದೆ, ಅದೂ ಟೊಪ್ಪಿ ಒಂದೇ. ಉಳಿದವರಿಗೆ "ಪರೀಕ್ಷೆ ಇದೆ" ಅಂತ ಅಮ್ಮನೇ ಹೇಳಿದರು. ಈ ತೀರ್ಮಾನ ಇಲ್ಲದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಅದನ್ನು ಸಾಧ್ಯ ಮಾಡಿದ್ದು ಆ ತಾಯಿ. ಹುಡುಗಿಯ ಎಲ್ಲ ಹೊಗಳಿಕೆಯೂ ಅವರ ಮೂಲಕವೇ ಬರುತ್ತಿತ್ತು, ಅದನ್ನು ನಿಲ್ಲಿಸಿದ್ದೂ ಅವರೇ.

ಹಸೆ ಚಿತ್ತಾರದ ಸ್ವೆಟರ್

ಸಮಯ ಸಿಕ್ಕ ಕೂಡಲೇ ಅವಳು ಹಿಡಿದದ್ದು ಹಸೆ ಚಿತ್ತಾರವನ್ನು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಮಲೆನಾಡಿನ ದೀವರು ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಚಿತ್ರ. ಎಲ್ಲ ನೇರ ಗೆರೆ, ಚೌಕ, ಓರೆ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಹೀಗೇ ಬರೆಯುತ್ತಾರೆ. ಚೌಕ ಚೌಕದ ಚಿತ್ರ ಹೆಣಿಗೆಗೆ ಸುಲಭ ಅಂತ ಯಾರಿಗಾದರೂ ಅನಿಸುತ್ತದೆ.

ಗಣಿತದ ಗ್ರಾಫ್ ಹಾಳೆಯಲ್ಲಿ 60 ಚೌಕ ಅಗಲ, 60 ಚೌಕ ಎತ್ತರದ ಒಂದು ಚಿತ್ತಾರ ಬರೆದು, ಒಂದು ಚೌಕಕ್ಕೆ ಒಂದು ಕುಣಿಕೆ ಅಂತ ಹೆಣೆದಳು. ಇಟ್ಟಿಗೆ ಬಣ್ಣ ಮತ್ತು ಬಿಳಿ, ಎರಡೂ ಅಕ್ರಿಲಿಕ್ ಉಲ್ಲನ್. ಹೆಣೆದು ಮುಗಿದಾಗ ಚಿತ್ತಾರ ಚಪ್ಪಟೆಯಾಗಿ ಕೂತಿತ್ತು. ಹೆಣಿಗೆಯ ಕುಣಿಕೆ ಚೌಕ ಅಲ್ಲ, ಎತ್ತರಕ್ಕಿಂತ ಅಗಲ ಹೆಚ್ಚು. ಅವಳ ಕೈಗೆ ಹತ್ತು ಸೆಂಟಿಮೀಟರಿಗೆ 22 ಕುಣಿಕೆ, 30 ಸಾಲು ಬರುತ್ತಿತ್ತು. ಹಾಗಾಗಿ 60 ಕುಣಿಕೆ 27 ಸೆಂಟಿಮೀಟರ್ ಅಗಲ ಆಯಿತು, 60 ಸಾಲು 20 ಸೆಂಟಿಮೀಟರ್ ಎತ್ತರ ಮಾತ್ರ. ಇದನ್ನು ನಾನು ಮೊದಲೇ ಹೇಳಲಿಲ್ಲ. ಬೇಕು ಅಂತಲೇ ಹೇಳಲಿಲ್ಲ. ಸ್ಯಾಂಪಲ್ ಹೆಣೆದು ಅಳೆಯದೆ ಹೊರಟರೆ ಏನಾಗುತ್ತದೆ ಅನ್ನುವುದು ಒಂದು ಸಲ ಕೈಗೆ ತಿಳಿಯಬೇಕು. ಆಮೇಲೆ ಅವಳು ಕುಣಿಕೆಯ ಅಳತೆಗೆ ಸರಿಯಾಗಿ ಅಡ್ಡ ಅಗಲ, ಎತ್ತರ ಕಡಿಮೆ ಇರುವ ಖಾನೆಗಳ ಗ್ರಾಫ್ ತಾನೇ ಗೆರೆ ಹಾಕಿಕೊಂಡಳು. ಈಗಲೂ ಪ್ರತಿ ಹೊಸ ದಾರಕ್ಕೆ ಹೊಸ ಗ್ರಾಫ್ ಮಾಡುತ್ತಾಳೆ.

ಎರಡನೆಯ ತೊಂದರೆ ಒಳಮೈಯಲ್ಲಿ. ಎರಡು ಬಣ್ಣದಲ್ಲಿ ಹೆಣೆಯುವಾಗ ಬೇಡದ ಬಣ್ಣದ ದಾರ ಹಿಂದೆ ನೇತಾಡುತ್ತಾ ಬರುತ್ತದೆ. ನಾಲ್ಕೈದು ಕುಣಿಕೆಗಿಂತ ಹೆಚ್ಚು ದೂರ ಅದು ಹಾಗೇ ಹೋದರೆ ಬಟ್ಟೆ ಸೆಳೆದುಕೊಳ್ಳುತ್ತದೆ, ತೊಡುವಾಗ ಬೆರಳು, ಬಳೆ ಸಿಕ್ಕಿಕೊಳ್ಳುತ್ತದೆ. ಬೇರೆ ದೇಶಗಳ ಬಣ್ಣದ ಸ್ವೆಟರ್‌ಗಳಲ್ಲಿ ಸಣ್ಣ ಸಣ್ಣ ಚುಕ್ಕಿ, ಹೂವು ಜಾಸ್ತಿ ಇರುವುದು ಸುಮ್ಮನೆ ಅಲ್ಲ. ಚಿತ್ತಾರದ ಚೆಂದ ಇರುವುದು ಉದ್ದದ, ಕಡಿಯದ ಗೆರೆಯಲ್ಲಿ. ದಾರವನ್ನು ಹಿಂದೆ ಸಿಕ್ಕಿಸಲೇಬೇಕಾಗಿ ಬಂದಾಗ ಅವಳು ಗೆರೆಗಳನ್ನು ತುಂಡು ತುಂಡು ಮಾಡಿದಳು.

ಮೂರನೆಯದು ಇಸ್ತ್ರಿ. ಸೆಳೆದುಕೊಂಡ ಬಟ್ಟೆ ಸರಿ ಆಗಲಿ ಅಂತ ಒದ್ದೆ ಬಟ್ಟೆ ಹಾಕಿ ಬಿಸಿ ಇಸ್ತ್ರಿ ಒತ್ತಿದಳು. ಉಣ್ಣೆಗೆ ಆವಿ ಕೊಟ್ಟರೆ ಹದಕ್ಕೆ ಬರುತ್ತದೆ. ಅಕ್ರಿಲಿಕ್ ಪ್ಲಾಸ್ಟಿಕ್ ಜಾತಿ, ಜಾಸ್ತಿ ಬಿಸಿ ತಗುಲಿದರೆ ಸತ್ತು ಹೋಗುತ್ತದೆ, ಮತ್ತೆ ಪುಟಿಯುವುದಿಲ್ಲ. ಎಡ ತೋಳು ಜೋತು ಬಿತ್ತು.

ಇಷ್ಟಾದರೂ ದೂರದಿಂದ ನೋಡಿದರೆ ಸ್ವೆಟರ್ ಚೆನ್ನಾಗಿಯೇ ಕಾಣುತ್ತಿತ್ತು. ಫೋಟೋದಲ್ಲಿ ಇನ್ನೂ ಚೆಂದ. ಸ್ಟೇಟಸ್‌ಗೆ ಹಾಕಿದ್ದರೆ ಎಲ್ಲರೂ ಹೊಗಳುತ್ತಿದ್ದರು. ಅದನ್ನು ಹಾಕದೆ ಅವಳು ಪಕ್ಕದ ಕೇರಿಯ ಒಬ್ಬ ಅಜ್ಜಿಯ ಹತ್ತಿರ ತೆಗೆದುಕೊಂಡು ಹೋದಳು, ಪ್ರತಿ ವರ್ಷ ಭೂಮಣ್ಣಿ ಬುಟ್ಟಿ ಬರೆಯುವ ಅಜ್ಜಿ. ನಾನು ಹೋಗು ಅಂದಿದ್ದೆ, ಯಾಕೆಂದರೆ ಚಿತ್ತಾರ ಅವರ ಮನೆಗಳದ್ದು. ತೆಗೆದುಕೊಳ್ಳುವವರು ಕೇಳಿ ತೆಗೆದುಕೊಳ್ಳಬೇಕು, ತೋರಿಸಬೇಕು. ಅಜ್ಜಿ ಸ್ವೆಟರನ್ನು ತೊಡೆಯ ಮೇಲೆ ಹರಡಿ ಬೆರಳಲ್ಲಿ ಗೆರೆ ಹಿಡಿದು ಹೋಗಿ, "ಚೆಂದ ಇದೆ ಮಗಾ. ಆದ್ರೆ ಎಳೆ ಎಲ್ಲಾ ಕಡಿದು ಹೋಗಿದ್ಯಲ್ಲ" ಅಂದರಂತೆ.

ಅಜ್ಜಿಗೆ ಹೆಣಿಗೆ ಗೊತ್ತಿಲ್ಲ, ದಾರ ಹಿಂದೆ ನೇತಾಡುವುದು ಗೊತ್ತಿಲ್ಲ. ತೊಂದರೆ ಇದ್ದ ಜಾಗಕ್ಕೇ ಅವರ ಬೆರಳು ಹೋಯಿತು. ಹುಡುಗಿ ಅಲ್ಲಿಂದ ಬಂದ ಮೇಲೆ ಇನ್ನೊಂದು ದಾರಿ ನೋಡಿದಳು. ಒಂದೇ ಬಣ್ಣದಲ್ಲಿ ಹೆಣೆದು, ಮೇಲೆ ಸರಪಳಿ ಹೊಲಿಗೆಯಲ್ಲಿ ಚಿತ್ತಾರ ಎಳೆದಳು. ಗೆರೆ ಕಡಿಯದೆ ಬಂತು. ಆದರೆ ಹೆಣಿಗೆ ಹಿಗ್ಗುತ್ತದೆ, ಹೊಲಿಗೆ ಹಿಗ್ಗುವುದಿಲ್ಲ. ತಲೆ ತೂರಿಸುವಾಗ ಪಟಪಟ ಅಂತ ಹರಿಯಿತು.

ಆಗ ಅವಳು ಚಿತ್ತಾರವನ್ನು ಬಿಟ್ಟಳು. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಮಕ್ಕಳು ಲೋಕಲ್ ಕಲೆ ಅಂತ ಒಂದನ್ನು ಹಿಡಿದರೆ ಬಿಡುವುದಿಲ್ಲ, ನಾವೂ ಬಿಡಬೇಡ ಅನ್ನುತ್ತೇವೆ. ಗೋಡೆಗೆ ಹುಟ್ಟಿದ ಗೆರೆ ಕುಣಿಕೆಗೆ ಬಗ್ಗಲಿಲ್ಲ. ಅದನ್ನು ಒಪ್ಪಿಕೊಂಡು ಪಕ್ಕಕ್ಕಿಡಲು 17ರ ಹುಡುಗಿಗೆ ಧೈರ್ಯ ಬೇಕಾಗಿತ್ತು.

ಅಜ್ಜನ ಕಂಬಳಿ

ಮಳೆಗಾಲ ಬಂತು. ಊರಿಗೆ ಹೋಗಿದ್ದಾಗ ಮನೆಯ ಗೂಟದಲ್ಲಿ ತೂಗುಹಾಕಿದ್ದ ಅಜ್ಜನ ಕಂಬಳಿಯನ್ನು ಇಳಿಸಿ ಅಳೆದಳು. ಈಗ ಎಲ್ಲರೂ ಪ್ಲಾಸ್ಟಿಕ್ ಕೊಪ್ಪೆ, ರೈನ್‌ಕೋಟ್ ಹಾಕುತ್ತಾರೆ. ಹಿಂದೆ ಗದ್ದೆ ನೆಟ್ಟಿಗೆ ಬಿದಿರು, ಎಲೆಯಿಂದ ಮಾಡಿದ ಗೊರಬು, ಓಡಾಟಕ್ಕೆ ಕಂಬಳಿ ಕೊಪ್ಪೆ. ಉದ್ದನೆಯ ಕಂಬಳಿಯನ್ನು ಮಡಚಿ, ಮಡಿಕೆಯ ಮೂಲೆ ತಲೆ ಮೇಲೆ ಕೂರುವಂತೆ ಹೊದ್ದುಕೊಳ್ಳುವುದು ಕೊಪ್ಪೆ. ಕತ್ತರಿ ಇಲ್ಲ, ಗುಂಡಿ ಇಲ್ಲ, ತೋಳು ಇಲ್ಲ. ನಾನು ಕಟಿಂಗ್ ಹೇಳಿಕೊಡುವವಳು, ಒಂದು ಚೂರು ಬಟ್ಟೆ ವ್ಯರ್ಥ ಆಗದ ಇಂಥ ಉಡುಪನ್ನು ನೋಡಿದರೆ ನನಗೆ ಗೌರವ ಬರುತ್ತದೆ.

ಹುಡುಗಿ ನನಗೆ ಫೋಟೋ ಕಳಿಸಿ, "ಮೇಡಂ, ಇದನ್ನ ಮಡಚೋದು ಬಿಟ್ಟು ಹಾಗೇ ಆಕಾರಕ್ಕೆ ಹೆಣೆದ್ರೆ?" ಅಂತ ಕೇಳಿದಳು. ಅಲ್ಲಿಯವರೆಗೆ ಅವಳು ಯೋಚಿಸುತ್ತಿದ್ದದ್ದು ಸ್ವೆಟರಿನ ಮೇಲೆ ಏನು ಹಾಕಲಿ ಅಂತ. ಉಡುಪಿನ ಆಕಾರವನ್ನೇ ಕೇಳಿದ್ದು ಇದೇ ಮೊದಲು.

ಅಕ್ರಿಲಿಕ್ ಬೇಡ ಅಂತ ತಾನೇ ನಿರ್ಧರಿಸಿದಳು. ಚಿತ್ರದುರ್ಗದ ಕಡೆ ಕಂಬಳಿ ನೇಯುವ ಮನೆಯವರಿಂದ ಅಪ್ಪ ಕೈನೂಲು ತರಿಸಿಕೊಟ್ಟರು. ಡೆಕ್ಕನಿ ಕುರಿಯ ಕರಿ ಉಣ್ಣೆ, ಬಣ್ಣ ಹಾಕದ್ದು. ಒರಟು, ಚುಚ್ಚುತ್ತದೆ, ಕುರಿಯ ವಾಸನೆ ಇರುತ್ತದೆ.

ಹೆಣೆದ ಮೊದಲ ತುಂಡು ಓರೆಯಾಗಿ ಹೋಯಿತು. ಚೌಕ ಹೆಣೆದರೆ ವಾಲಿದ ಚೌಕ. ಬಿಚ್ಚಿದಳು, ಕೈ ಸಡಿಲ ಮಾಡಿ ಮತ್ತೆ ಹೆಣೆದಳು, ಮತ್ತೆ ಓರೆ. ತಪ್ಪು ಕೈಯಲ್ಲಿ ಇರಲಿಲ್ಲ. ಕಂಬಳಿಯ ನೂಲು ಒಂಟಿ ಎಳೆ, ಒಂದೇ ಬದಿಗೆ ಬಿಗಿಯಾಗಿ ತಿರುಚಿರುತ್ತದೆ. ಮಗ್ಗದಲ್ಲಿ ಹಾಸು ಹೊಕ್ಕು ಒಂದನ್ನೊಂದು ಹಿಡಿದಿಟ್ಟುಕೊಳ್ಳುತ್ತವೆ, ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿಯನ್ನೂ ಹಚ್ಚುತ್ತಾರೆ. ಹೆಣಿಗೆಯಲ್ಲಿ ಆ ಹಿಡಿತ ಇಲ್ಲ. ತಿರುಚಿದ ನೂಲು ಬಿಚ್ಚಿಕೊಳ್ಳಲು ನೋಡುತ್ತದೆ, ಪ್ರತಿ ಕುಣಿಕೆಯನ್ನೂ ಒಂದೇ ಕಡೆಗೆ ತಿರುಗಿಸುತ್ತದೆ.

ದಾರಿ ತೋರಿಸಿದ್ದು ಅಪ್ಪ. ಅವಳು ಒದ್ದಾಡುವುದನ್ನು ನೋಡಿ, "ಎಂತ ಮಾರಾಯ್ತಿ, ಹಗ್ಗ ಹೊಸೆಯೋದು ನೋಡಿಲ್ವಾ? ಒಂದು ಬದಿಗೆ ತಿರುಚಿದ್ದನ್ನ ಸೇರಿಸೋವಾಗ ಇನ್ನೊಂದು ಬದಿಗೆ ಹೊಸೀಬೇಕು, ಆಗ ಹಗ್ಗ ಸುಮ್ನೆ ಕೂರ್ತದೆ" ಅಂದರು. ಎರಡು ಎಳೆ ಸೇರಿಸಿ ವಿರುದ್ಧ ಬದಿಗೆ ಹೊಸೆದು ಹೆಣೆದಾಗ ತುಂಡು ನೇರ ನಿಂತಿತು. ಹೆಣಿಗೆ ದಪ್ಪ ಆಯಿತು, ಹತ್ತು ಸೆಂಟಿಮೀಟರಿಗೆ 13 ಕುಣಿಕೆ. ಕೆಲಸ ಬೇಗ ಸಾಗತೊಡಗಿತು.

ಒಂದು ಕೊಪ್ಪೆ ತಯಾರಾಯಿತು. ತಲೆಯ ಭಾಗಕ್ಕೆ ಒಂದು ಆಯತ ಹೆಣೆದು ಮಡಚಿ, ಮೇಲುಗಡೆ ಒಂದೇ ಹೊಲಿಗೆ. ಅದರ ಕೆಳ ಅಂಚಿನಿಂದ ಕುಣಿಕೆ ಎತ್ತಿಕೊಂಡು, ನಾಲ್ಕು ಜಾಗದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎರಡೆರಡು ಹೆಚ್ಚಿಸುತ್ತಾ ಭುಜದ ಮೇಲೆ ಇಳಿಸಿದ್ದಳು. ನೋಡಲು ಬಹಳ ಚೆನ್ನಾಗಿತ್ತು. ಅಪ್ಪ ಅದನ್ನು ಹಾಕಿಕೊಂಡು ಜಿಟಿಜಿಟಿ ಮಳೆಯಲ್ಲಿ ತೋಟಕ್ಕೆ ಹೋಗಿ ಅರ್ಧ ಗಂಟೆಗೆ ಒದ್ದೆಯಾಗಿ ಬಂದರು. ಕಂಬಳಿಯ ನೇಯ್ಗೆ ಒತ್ತು, ನೀರು ಮೇಲೇ ಜಾರಿ ಹೋಗುತ್ತದೆ. ಹೆಣಿಗೆ ಎಂದರೆ ಕುಣಿಕೆಗಳ ನಡುವೆ ತೂತು ಇದ್ದೇ ಇರುತ್ತದೆ. ಒದ್ದೆ ಕೊಪ್ಪೆ ಬಚ್ಚಲ ಒಲೆಯ ಮೇಲೆ ಹಾಕಿದರೂ ದಿನಗಟ್ಟಲೆ ಒಣಗಲಿಲ್ಲ. "ಇದು ಮಳೆಗೆ ಆಗೋದಲ್ಲ, ಚಳಿಗೆ ಆಗ್ತದೆ" ಅಂದರು ಅಪ್ಪ.

ಹುಡುಗಿ ಅತ್ತಳು. ನಿಜವಾಗಿ ಅತ್ತಳು. ಆದರೆ ಈ ಪ್ರಕರಣದ ದೊಡ್ಡ ತಿರುವು ಅಪ್ಪನ ಆ ಮಾತೇ. ಚಳಿಗೆ ಅಂದರೆ ಯಾರ ಚಳಿಗೆ? ಇದನ್ನು ನಾನು ಅವಳಿಗೆ ಪ್ರಶ್ನೆಯಾಗಿ ಕೊಟ್ಟು ಸುಮ್ಮನಾದೆ. ಚಿತ್ರ ಬರೆಯುವುದು ಬೇಡ, ಕಡ್ಡಿ ಮುಟ್ಟುವುದು ಬೇಡ, ಊರಲ್ಲಿ ಚಳಿಯಲ್ಲಿ ಕೂತು ಕೆಲಸ ಮಾಡುವವರು ಯಾರು ಅಂತ ನೋಡಿಕೊಂಡು ಬಾ ಅಂದೆ.

ಸುಲಿಯುವ ಹೆಂಗಸರು

ದೀಪಾವಳಿ ಆಚೆಗೆ ಅಡಿಕೆ ಕೊಯ್ಲು ಜೋರಾಗುತ್ತದೆ. ಸುಲಿಯುವ ಮೆಷಿನ್ ಬಂದಿದ್ದರೂ ಕೈಯಲ್ಲಿ ಸುಲಿಸುವ ಮನೆಗಳು ಇನ್ನೂ ಇವೆ, ಅವರದೂ ಒಂದು. ಸಂಜೆಯಿಂದ ರಾತ್ರಿವರೆಗೆ ಹೆಂಗಸರು ಮೆಟ್ಟುಕತ್ತಿ ಮುಂದೆ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಹುಡುಗಿ ಚಿಕ್ಕವಳಿದ್ದಾಗಿಂದ ಇದನ್ನು ನೋಡಿದ್ದಾಳೆ. ಈ ಸಲ ನೋಟ್‌ಬುಕ್ ಹಿಡಿದು ಕೂತು ನೋಡಿದಳು.

ಆ ಪುಟ ನನ್ನ ಹತ್ತಿರ ಇದೆ. ಅವಳು ಬರೆದದ್ದರಲ್ಲಿ ಕೆಲವು: ಶಾಲು ಭುಜದಿಂದ ಜಾರುತ್ತಲೇ ಇರುತ್ತದೆ, ಎರಡೂ ಕೈ ಕೆಲಸದಲ್ಲಿ ಇರುವುದರಿಂದ ಎಳೆದುಕೊಳ್ಳಲು ಕೆಲಸ ನಿಲ್ಲಿಸಬೇಕು. ಸುಲಿದಷ್ಟಕ್ಕೆ ಕೂಲಿ, ಹಾಗಾಗಿ ಯಾರೂ ಎಳೆದುಕೊಳ್ಳುವುದಿಲ್ಲ, ಚಳಿಯಲ್ಲೇ ಕೂರುತ್ತಾರೆ. ಗಂಡಸರ ಹಳೆ ಫುಲ್ ತೋಳಿನ ಅಂಗಿ ಹಾಕಿದವರ ತೋಳಿನ ತುದಿ ಅಡಿಕೆಯ ರಸ ಹತ್ತಿ ಕಪ್ಪಾಗಿದೆ, ತೊಳೆದರೂ ಹೋಗುವುದಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡಿದ್ದಾರೆ. ಬೆನ್ನು, ಕಿವಿ, ಭುಜ ಇವಿಷ್ಟಕ್ಕೆ ಚಳಿ. ಮೊಣಕೈಯಿಂದ ಕೆಳಗೆ ಏನೂ ಇರಬಾರದು.

ಇದನ್ನು ಓದಿದಾಗ ಕೊಪ್ಪೆ ಯಾರಿಗೆ ಅನ್ನುವುದು ನನಗೂ ಕಂಡಿತು. ತೋಳೇ ಇಲ್ಲದ, ಭುಜದ ಮೇಲೆ ಕೂತು ಜಾರದ, ತಲೆ ಮುಚ್ಚುವ ಉಡುಪು ಅವಳ ಕೈಯಲ್ಲಿ ಆಗಲೇ ಇತ್ತು. ಕರಿ ಉಣ್ಣೆಗೆ ಅಡಿಕೆಯ ಕಲೆ ಕಾಣುವುದೂ ಇಲ್ಲ. ಬದಲಿಸಬೇಕಾದದ್ದು ಅಳತೆ. ಹಿಂಭಾಗವನ್ನು ಅರ್ಧ ಸಾಲುಗಳಲ್ಲಿ ತಿರುಗಿಸಿ ಹೆಣೆದು ಉದ್ದ ಮಾಡಿದಳು, ಸೊಂಟ ಮುಚ್ಚುವಷ್ಟು. ಮುಂಭಾಗ ಎದೆಯ ಕೆಳಗೆ ನಿಲ್ಲಿಸಿದಳು, ಬಗ್ಗಿದರೆ ಕತ್ತಿಗೆ ತಾಗಬಾರದು ಅಂತ.

ಕುತ್ತಿಗೆಗೆ ಉಣ್ಣೆ ಚುಚ್ಚುತ್ತದೆ ಅನ್ನುವುದು ಉಳಿದಿತ್ತು. ಅಂಚಿಗೆ ಹತ್ತಿ ದಾರದ ಪಟ್ಟಿ ಹೆಣೆದು ನೋಡಿದಳು, ಹತ್ತಿಗೆ ಪುಟಿಯುವ ಗುಣ ಕಡಿಮೆ, ನಾಲ್ಕು ಸಲ ತೊಟ್ಟ ಮೇಲೆ ಜೋಲು ಬಿತ್ತು. ಇಲ್ಲಿ ಹೊಲಿಗೆ ಕೈ ಹಿಡಿಯಿತು. ನೇಯ್ದ ಹತ್ತಿ ಬಟ್ಟೆಯನ್ನು ಓರೆಗೆ ಕತ್ತರಿಸಿದರೆ ಬೇಕಾದಷ್ಟೇ ಹಿಗ್ಗುತ್ತದೆ, ಬ್ಲೌಸಿನ ಕುತ್ತಿಗೆಗೆ ನಾವು ಇಡುವ ಓರೆ ಪಟ್ಟಿಯ ಹಾಗೆ. ಮನೆಯಲ್ಲೇ ಅಡಿಕೆ ಬೇಯಿಸಿದ ಚೊಗರಿನಲ್ಲಿ ಬಟ್ಟೆ ಅದ್ದಿ ಬಣ್ಣ ಮಾಡಲು ನೋಡಿದಳು. ಬಟ್ಟೆಯ ಗಂಜಿ ಸರಿಯಾಗಿ ಹೋಗಿರಲಿಲ್ಲ, ಬಣ್ಣ ಪಟ್ಟೆ ಪಟ್ಟೆಯಾಗಿ ಹಿಡಿಯಿತು. ಕೊನೆಗೆ ಹೆಗ್ಗೋಡಿನ ಹತ್ತಿರದ ಭೀಮನಕೋಣೆಯ ಚರಕಕ್ಕೆ ಹೋಗಿ ಕೈಮಗ್ಗದ ಬಟ್ಟೆ ತಂದಳು. 1996ರಿಂದ ನಡೆಯುತ್ತಿರುವ ಹೆಂಗಸರ ಸಹಕಾರ ಸಂಘ ಅದು, ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣದಲ್ಲೇ ಕೆಲಸ ಮಾಡುತ್ತಾರೆ. ಕರಿ ಉಣ್ಣೆಗೆ ಆ ಕಂದುಗೆಂಪು ಪಟ್ಟಿ ಬಹಳ ಒಪ್ಪಿತು.

ಸುಲಿಯಲು ಬರುವವರಲ್ಲಿ ಇಬ್ಬರು ಹಾಕಿಕೊಂಡು ಕೂರಲು ಒಪ್ಪಿದರು. ಹುಡುಗಿಗೆ ನಾನು ಹೇಳಿಕೊಟ್ಟದ್ದು ಒಂದೇ, "ಹೆಂಗಿದೆ ಅಂತ ಕೇಳಬೇಡ, ಚೆನ್ನಾಗಿದೆ ಅಂತಲೇ ಹೇಳ್ತಾರೆ. ಕೂತು ನೋಡು." ನೋಡಿದಳು. ಒಬ್ಬರು ಹತ್ತು ನಿಮಿಷಕ್ಕೆ ತಲೆಯ ಭಾಗವನ್ನು ಹಿಂದಕ್ಕೆ ತಳ್ಳಿದರು. ಅಂಚು ಮುಂದೆ ಬಂದು ಪಕ್ಕದವರ ಮುಖ ಕಾಣುತ್ತಿರಲಿಲ್ಲ, ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ರಾತ್ರಿಯೆಲ್ಲ ಮಾತಾಡುತ್ತಾ ಸುಲಿಯುವ ಕೆಲಸದಲ್ಲಿ ಮಾತು ಕೇಳದಿದ್ದರೆ ಆ ಉಡುಪನ್ನು ಯಾರು ಹಾಕುತ್ತಾರೆ? ಅಂಚನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಇನ್ನೊಬ್ಬರು ಎಲೆಅಡಿಕೆ ಚೀಲ ಎಲ್ಲಿಡಲಿ ಅಂತ ಕೇಳಿದರು. ಒಳಗಡೆ ಎಡಕ್ಕೆ ಒಂದು ಜೇಬು ಬಂತು. ಎರಡು ವಾರ ಆದ ಮೇಲೆ ಒಬ್ಬರು ಕೊಪ್ಪೆ ವಾಪಸ್ ಕೊಡಲು ಒಪ್ಪಲಿಲ್ಲ. ಅವಳಿಗೆ ಸಿಕ್ಕ ಮೊದಲ ಸರಿಯಾದ ಮೆಚ್ಚುಗೆ ಅದು ಅಂತ ನನ್ನ ಅಭಿಪ್ರಾಯ.

ಪರೀಕ್ಷೆ ಮತ್ತು ಆಮೇಲೆ

ನಿಫ್ಟ್‌ನ ಬಿ.ಡೆಸ್. ಪ್ರವೇಶಕ್ಕೆ ಚಿತ್ರ ಬರೆದು ಯೋಚನೆ ತೋರಿಸುವ ಕ್ಯಾಟ್, ಸಾಮಾನ್ಯ ಸಾಮರ್ಥ್ಯದ ಗ್ಯಾಟ್, ಅದರ ಆಚೆ ಕೊಟ್ಟ ವಸ್ತುಗಳಿಂದ ಅಲ್ಲೇ ಮಾದರಿ ಮಾಡುವ ಸಿಚುಯೇಷನ್ ಟೆಸ್ಟ್ ಇರುತ್ತದೆ. ನೀವು ಮನೆಯಲ್ಲಿ ಹೆಣೆದದ್ದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಇದನ್ನು ಹೆತ್ತವರು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಅವಳಿಗೆ ಸಿಚುಯೇಷನ್ ಟೆಸ್ಟ್ ಚೆನ್ನಾಗಿ ಆಯಿತು, ವಸ್ತು ಕೈಗೆ ಬಂದರೆ ಹೆದರುವವಳಲ್ಲ. ಗ್ಯಾಟ್‌ನಲ್ಲಿ ಹಿಂದೆ ಬಿದ್ದಳು. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಪ್ರಶ್ನೆಗಳಿಗೆ ಅವಳಿಗೆ ಟೈಮ್ ಸಾಲಲಿಲ್ಲ. ನಿಟ್‌ವೇರ್ ಸಿಗುವ ರ‍್ಯಾಂಕ್ ಬರಲಿಲ್ಲ.

ಬೆಂಗಳೂರಿನ ಇನ್ನೊಂದು ಡಿಸೈನ್ ಕಾಲೇಜಿನಲ್ಲಿ ಸಂದರ್ಶನ ಇತ್ತು, ಅಲ್ಲಿ ಮಾಡಿದ ಕೆಲಸ ತೋರಿಸಬೇಕು. ಏನು ಒಯ್ಯುವುದು ಅಂತ ಮನೆಯಲ್ಲಿ ಚರ್ಚೆ. ಅಮ್ಮನಿಗೆ ಕೂಸಿನ ಸೆಟ್‌ಗಳ ಫೋಟೋ ಆಲ್ಬಂ ಒಯ್ಯಲಿ ಅಂತ ಆಸೆ. ಹುಡುಗಿ ಒಯ್ದದ್ದು ಕೊಪ್ಪೆ ಮತ್ತು ಒಂದು ಚೀಲ. ಚೀಲದಲ್ಲಿ ಚಪ್ಪಟೆ ಚಿತ್ತಾರದ ಸ್ವೆಟರ್, ಓರೆ ಹೋದ ತುಂಡುಗಳು, ಜೋಲು ಬಿದ್ದ ಹತ್ತಿ ಪಟ್ಟಿ, ಪಟ್ಟೆ ಹಿಡಿದ ಚೊಗರಿನ ಬಟ್ಟೆ. ಪ್ರತಿಯೊಂದಕ್ಕೂ ಚೀಟಿ ಹೊಲಿದು, ಏನು ನೋಡಿದೆ, ಯಾಕೆ ಬಿಟ್ಟೆ ಅಂತ ಕನ್ನಡದಲ್ಲೇ ಬರೆದಿದ್ದಳು. ಸಂದರ್ಶನದ ಹೊತ್ತೆಲ್ಲ ಆ ಚೀಲದ ಮೇಲೆಯೇ ಹೋಯಿತಂತೆ. ಒಂಟಿ ಎಳೆ ಯಾಕೆ ಓರೆ ಹೋಗುತ್ತದೆ ಅಂತ ಅವರ ಮುಂದೆ ಉಣ್ಣೆಯ ನೂಲು ಹೊಸೆದು ತೋರಿಸಿದಳು. ಸೀಟು ಸಿಕ್ಕಿತು. ಫೀಸಿನ ಒಂದು ಭಾಗಕ್ಕೆ ಶೈಕ್ಷಣಿಕ ಸಾಲ ಆಗಿದೆ, ಉಳಿದದ್ದು ಅಡಿಕೆಯ ಮೇಲೆ. ಎಲೆಚುಕ್ಕೆ ರೋಗ ಇರುವ ತೋಟ, ಆ ಚಿಂತೆ ಮನೆಯವರಿಗೆ ಇದ್ದೇ ಇದೆ.

ಬಗೆಹರಿಯದೆ ಉಳಿದದ್ದು ಬೆಲೆ. ಕೊಪ್ಪೆಗೂ ಅವಳು ಲೆಕ್ಕ ಬರೆದಳು. ಎಳೆ ಹೊಸೆಯುವುದು, ಹೆಣೆಯುವುದು, ಪಟ್ಟಿ ಹೊಲಿಯುವುದು ಎಲ್ಲ ಸೇರಿ, ತನ್ನ ಗಂಟೆಗೆ ತೋಟದ ಕೂಲಿಯಷ್ಟಾದರೂ ಹಾಕಿದರೆ ಬರುವ ಬೆಲೆಯನ್ನು ಸುಲಿಯುವ ಹೆಂಗಸರು ಕೊಡಲಾರರು. ಬೆಂಗಳೂರಿನ ಅಂಗಡಿಯಲ್ಲಿ ಅದೇ ಬೆಲೆಗೆ ಸುಲಭವಾಗಿ ಹೋಗಬಹುದು. ಅವಳಿಗೆ ಅದು ಸದ್ಯಕ್ಕೆ ಬೇಡ. ಯಾರನ್ನು ನೋಡಿ ಮಾಡಿದ್ದೋ ಅವರಿಗೆ ಸಿಗಬೇಕು ಅನ್ನುತ್ತಾಳೆ, ಮತ್ತು ಈ ವಿಷಯದಲ್ಲಿ ನಾನು ಪೂರ್ತಿ ಅವಳ ಕಡೆ.

ಕಾಲೇಜಿನಲ್ಲಿ ಕೈಯಿಂದ ನಡೆಸುವ ನಿ‌ಟ್ಟಿಂಗ್ ಮೆಷಿನ್ ಇದೆ, ಅದರಲ್ಲಿ ಭುಜದ ಭಾಗವನ್ನು ಬೇಗ ಹೆಣೆಯಬಹುದಾ ಅಂತ ನೋಡುತ್ತಿದ್ದಾಳೆ. ಹೊಸೆದ ಡೆಕ್ಕನಿ ನೂಲು ಒಂದೇ ದಪ್ಪ ಇರುವುದಿಲ್ಲ, ಗಂಟು ಬಂದಲ್ಲಿ ಮೆಷಿನ್ನಿನ ಕೊಕ್ಕೆಗೆ ಸಿಕ್ಕಿ ತುಂಡಾಗುತ್ತದೆ. ನೂಲಿಗೆ ಮೇಣ ಸವರಿದರೆ ಸ್ವಲ್ಪ ಸಲೀಸಾಗಿ ಹೋಗುತ್ತದಂತೆ. ಹೋದ ವಾರ ಕಳಿಸಿದ ತುಂಡಿನಲ್ಲಿ ಒಂದು ಗೇಣು ಎಲ್ಲೂ ತುಂಡಾಗದೆ ಬಂದಿದೆ. ತಲೆಯ ಭಾಗವನ್ನು ಮಾತ್ರ ಕೈಯಲ್ಲಿ ಹೆಣೆದು, ಉಳಿದದ್ದನ್ನು ಮೆಷಿನ್ನಿಗೆ ಹಾಕಿದರೆ ಲೆಕ್ಕ ಎಷ್ಟಕ್ಕೆ ಇಳಿಯುತ್ತದೆ ಅಂತ ಅದರ ಜೊತೆ ಒಂದು ಪುಟವನ್ನೂ ಕಳಿಸಿದ್ದಾಳೆ. ಇನ್ನೂ ಜಾಸ್ತಿಯೇ ಇದೆ.